ಪೊಟ್ಟಣದ ಬೆನ್ನಿನ ಚರಿತ್ರೆ

ಅಂಗಡಿಯಲ್ಲಿ ಯಾವ ಪೊಟ್ಟಣ ಕೈಗೆ ಬಂದರೂ ನಾನು ಮೊದಲು ಅದನ್ನು ಮಗುಚಿ ಬೆನ್ನು ನೋಡುತ್ತೇನೆ. ಬೆಲೆ ನೋಡುತ್ತಿದ್ದಾಳೆ, ಜಾಣೆ, ಎಂದು ನೀವು ತಿಳಿದುಕೊಂಡರೆ ನನಗೇನೂ ಬೇಸರವಿಲ್ಲ. ನಿಜ ಹೇಳಬೇಕೆಂದರೆ ಬೆಲೆ ನೋಡುವುದನ್ನು ಎಷ್ಟೋ ಸಲ ಮರೆತೇಬಿಡುತ್ತೇನೆ. ನಾನು ಹುಡುಕುವುದು ಚರಿತ್ರೆಯನ್ನು. 'ನಮ್ಮ ತಾತನವರು ಒಂದು ಪುಟ್ಟ ಕೋಣೆಯಲ್ಲಿ ಆರಂಭಿಸಿದ ಈ ಉಪ್ಪಿನಕಾಯಿ...' ಎಂದು ಶುರುವಾಗುವ, ಇರುವೆ ಸಾಲಿನಂಥ ಅಕ್ಷರಗಳ ನಾಲ್ಕು ಸಾಲು ಇರುತ್ತದಲ್ಲ, ಅದನ್ನು. ನನ್ನ ಯಜಮಾನರು ತಳ್ಳುಗಾಡಿಯೊಡನೆ ಅಂಗಡಿಯನ್ನೆಲ್ಲ ಒಂದು ಸುತ್ತು ಹಾಕಿ ಬಂದು, ಇನ್ನೂ ಉಪ್ಪಿನಕಾಯಿಯ ಮುಂದೆಯೇ ನಿಂತಿರುವ ನನ್ನನ್ನು ನೋಡಿ, ಪರೀಕ್ಷೆ ಯಾವತ್ತು ಎಂದು ಕೇಳುತ್ತಾರೆ.

ಹೋದ ತಿಂಗಳು ಹೀಗೇ ಅಮೆರಿಕದ ಕರಿಮೆಣಸಿನ ಪುಡಿಯ ಒಂದು ಸೀಸೆ ಕೈಗೆ ಸಿಕ್ಕಿತು. ಆ ಕಂಪನಿ ನನಗೆ ಬಹಳ ಹಳೆಯ ಪರಿಚಯ. ಹೆಸರು ಹೇಳುವುದಿಲ್ಲ, ಅವರಿಗೆ ನನ್ನ ಪ್ರಚಾರದ ಅಗತ್ಯವೂ ಇಲ್ಲ. ಆಸೆಯಿಂದ ತಿರುಗಿಸಿ ನೋಡಿದರೆ ಬೆನ್ನಿನ ಮೇಲೆ ಒಂದಿಷ್ಟು ಕಪ್ಪು ಗೆರೆ, ಒಂದಿಷ್ಟು ಅಂಕಿ, ಅಷ್ಟೇ. ಚರಿತ್ರೆಯನ್ನೇ ಕಿತ್ತು ಹಾಕಿದ್ದಾರೆ. ಗುರುತಿನವರ ಮನೆಗೆ ಬಹಳ ದಿನದ ಮೇಲೆ ಹೋದಾಗ, ಗೋಡೆಯ ಮೇಲಿದ್ದ ಹಿರಿಯರ ಪಟ ಕಾಣಿಸದೆ ಹೋದರೆ ಒಂದು ಕಸಿವಿಸಿ ಆಗುತ್ತದಲ್ಲ, ಹಾಗಾಯಿತು. ಸೀಸೆಯನ್ನು ಅಲ್ಲೇ ಇಟ್ಟು ಬಂದೆ. ಆದರೆ ಮನಸ್ಸು ಅಲ್ಲಿಂದ ನೇರವಾಗಿ, ಕೊಯಮತ್ತೂರಿನ ಹತ್ತಿರದ ಸೂಲೂರಿನ ನಮ್ಮ ಹಳೆಯ ಅಡುಗೆಮನೆಗೆ ಹೋಗಿ ಕೂತುಬಿಟ್ಟಿತು.

ಎಂಬತ್ತರ ದಶಕದ ಮಾತು. ನಾವು ನೇಯುವವರು. ಮುಂದಿನ ಕೋಣೆಯ ತುಂಬ ಅಪ್ಪನ ಮಗ್ಗ, ಅದರ ಹಿಂದೆ ನಾವು ಮಲಗುವ ಜಾಗ, ಅದರ ಹಿಂದೆ ಅಡುಗೆಮನೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ನಾಡಿನಿಂದ ನಮ್ಮವರು ಎಷ್ಟು ತಲೆಮಾರಿನ ಹಿಂದೆ ಬಂದರೋ, ಅದು ಅಜ್ಜಿಗೂ ಗೊತ್ತಿರಲಿಲ್ಲ, ಅಜ್ಜಿಯ ಅಜ್ಜಿಗೂ ಗೊತ್ತಿದ್ದಿರಲಾರದು. ನಮ್ಮ ಕನ್ನಡಕ್ಕೆ ಬಾಯಿ ಇತ್ತು, ಅಕ್ಷರ ಇರಲಿಲ್ಲ. ಬೀದಿಗೆ ತೆರು ಎನ್ನುತ್ತಿದ್ದೆವು, ಹೆಸರಿಗೆ ಪೇರು ಎನ್ನುತ್ತಿದ್ದೆವು. ಮನೆಯಲ್ಲಿ ಒಬ್ಬರಿಗೂ ಕನ್ನಡ ಓದಲು ಬರುತ್ತಿರಲಿಲ್ಲ. ಹಾಗೆ ಬೆಳೆದ ನಾನು ಈಗ ಇಷ್ಟು ಅಚ್ಚುಕಟ್ಟಾದ ಪುಸ್ತಕದ ಕನ್ನಡದಲ್ಲಿ ಬರೆಯುತ್ತಿರುವುದು, ಯಾರದೋ ರೇಷ್ಮೆ ಸೀರೆ ಕೇಳಿ ಉಟ್ಟುಕೊಂಡು ಮದುವೆಮನೆಯಲ್ಲಿ ಕೂತ ಹಾಗಿದೆ. ಎಲ್ಲಿ ಕಲೆಯಾಗುತ್ತದೋ ಎಂದು ಸಾಲುಸಾಲಿಗೂ ಭಯ.

ನನ್ನ ಅಮ್ಮನ ಹೆಸರು ರಂಗನಾಯಕಿ. ಆದರೆ ಆ ಹೆಸರು ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಅಪ್ಪ ಅವಳನ್ನು ಕರೆಯಬೇಕಾದರೆ ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಅಜ್ಜಿ, ಅಂದರೆ ಅಪ್ಪನ ತಾಯಿ, ಅವಳನ್ನು ಕರೆಯುತ್ತಲೇ ಇರಲಿಲ್ಲ. ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು, ಅಮ್ಮ ಬರುತ್ತಿದ್ದಳು. ತೆರುವಿನವರಿಗೆ ಅವಳು ಕೊನೆಮನೆಯ ಸೊಸೆ.

ಆ ಕೊನೆಮನೆಯ ಸೊಸೆಯ ಕೈಗುಣ ಎಲ್ಲರಿಗೂ ತಿಳಿದದ್ದು ನಮ್ಮ ತೆರುವಿನ ಒಂದು ಮದುವೆಯಲ್ಲಿ. ಅಡುಗೆಯವರು ಜ್ವರ ಬಂದು ಮಲಗಿಬಿಟ್ಟರು. ಹೆಂಗಸರು ಕೆಲಸ ಹಂಚಿಕೊಂಡರು, ಅಮ್ಮನ ಪಾಲಿಗೆ ಸಾರು ಬಂತು. ಅವಳು ಮನೆಯಲ್ಲಿದ್ದ ಸಾರಿನ ಪುಡಿಯನ್ನೆಲ್ಲ ತಂದು ಸುರಿದಳಂತೆ. ಆ ದಿನ ಗಂಡಿನ ಕಡೆಯವರು ಪಾಯಸವನ್ನು ಬಿಟ್ಟು ಸಾರನ್ನು ಎರಡನೆಯ ಸಲ ಹಾಕಿಸಿಕೊಂಡರು ಎಂಬುದು ನಮ್ಮ ತೆರುವಿನಲ್ಲಿ ಬಹಳ ವರ್ಷ ಉಳಿದ ಮಾತು. ಮಾರನೆಯ ದಿನದಿಂದ ಹೆಂಗಸರು ಲೋಟ ಹಿಡಿದುಕೊಂಡು ನಮ್ಮ ಹಿತ್ತಿಲ ಬಾಗಿಲಿಗೆ ಬರತೊಡಗಿದರು.

ಪುಡಿ ಅಜ್ಜಿ ಕಲಿಸಿದ್ದು. ಕೊತ್ತಂಬರಿ, ಮೆಣಸು, ಜೀರಿಗೆ, ಮೆಂತ್ಯ, ತೊಗರಿಬೇಳೆ, ಕೆಂಪು ಮೆಣಸಿನಕಾಯಿ, ಒಂದೊಂದನ್ನೂ ಬೇರೆಬೇರೆಯಾಗಿ ಹುರಿಯಬೇಕು. ಕರಿಬೇವು ನೆರಳಿನಲ್ಲಿ ಒಣಗಬೇಕು. ಬಿಸಿ ಪೂರ್ತಿ ಆರಿದ ಮೇಲೆಯೇ ಮಿಷಿನ್ನಿಗೆ ಕೊಡಬೇಕು. ಅದೂ ಬೆಳಿಗ್ಗೆ ಮಿಷಿನ್ ಶುರುವಾದ ಕೂಡಲೇ, ಬೇರೆಯವರ ರಾಗಿ ಗೋಧಿ ಬೀಳುವ ಮೊದಲು. ಮೊದಲು ಒಂದು ಹಿಡಿ ಅಕ್ಕಿ ಹಾಕಿ, ಹಿಂದಿನ ದಿನದ ವಾಸನೆಯನ್ನು ತೊಳೆಯಬೇಕು. ಈ ನೇಮದಲ್ಲಿ ಅಮ್ಮ ಒಂದು ಕೂದಲೂ ಸಡಿಲ ಬಿಡುತ್ತಿರಲಿಲ್ಲ.

ಸೂಲೂರಿನಲ್ಲಿ ಏರ್ ಫೋರ್ಸಿನವರ ಕ್ವಾರ್ಟರ್ಸ್ ಇತ್ತು. ಅಲ್ಲಿಗೆ ಮೈಸೂರು ಕಡೆಯ ಸುಮಿತ್ರಾ ಎಂಬವರು ಗಂಡನ ಜೊತೆ ಬಂದಿದ್ದರು. ಸಂತೆಯಲ್ಲಿ ನಾನೂ ಅಮ್ಮನೂ ಕನ್ನಡದಲ್ಲಿ ಜಗಳವಾಡುತ್ತಿದ್ದುದನ್ನು ಕೇಳಿ ಓಡಿ ಬಂದು ಮಾತಾಡಿಸಿದರು. ನಮ್ಮ ಕನ್ನಡ ಅವರಿಗೆ ಅರ್ಧ ಅರ್ಥವಾಯಿತು, ಅವರದು ನಮಗೆ ಮುಕ್ಕಾಲು. ಉಳಿದದ್ದನ್ನು ಸಾರು ನೋಡಿಕೊಂಡಿತು. ಅವರಿಂದ ಕ್ವಾರ್ಟರ್ಸಿಗೆ ಪುಡಿ ಹೋಯಿತು. ಅವರೇ ಒಂದು ದಿನ ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ ತಾವು ಸಾಮಾನು ಕೊಳ್ಳುವ ಅಂಗಡಿಗೆ ಹತ್ತು ಪೊಟ್ಟಣ ಕೊಟ್ಟು ಬಂದರು. ನಾಲ್ಕೇ ದಿನಕ್ಕೆ ಅಂಗಡಿಯ ಮುದಲಾಳಿ, ಅಂದರೆ ಮಾಲೀಕರು, ಹೇಳಿಕಳಿಸಿದರು.

ಮುದಲಾಳಿ ಕೆಟ್ಟವರಲ್ಲ. ವಾರಕ್ಕೊಂದು ಮೂಟೆ ಪುಡಿ ಕೊಡಿ, ವರ್ಷಪೂರ್ತಿ ತೆಗೆದುಕೊಳ್ಳುತ್ತೇನೆ, ಬೆಲೆಯಲ್ಲಿ ಚೌಕಾಸಿ ಇಲ್ಲ ಎಂದರು. ಒಂದೇ ಮಾತು: ಪುಡಿಯನ್ನು ಹಾಗೇ ಮೂಟೆಯಲ್ಲಿ ಕೊಡಬೇಕು, ಅವರು ತಮ್ಮ ಅಂಗಡಿಯ ಹೆಸರಿನ ಕವರಿಗೆ ಹಾಕಿ ಮಾರುತ್ತಾರೆ. ಅಮ್ಮ ಒಂದು ವಾರ ಸಮಯ ಕೇಳಿ ಬಂದಳು.

ಯಾಕೆ ಸಮಯ ಕೇಳಿದಳೆಂದು ನಮಗೆ ಯಾರಿಗೂ ಅರ್ಥವಾಗಲಿಲ್ಲ. ಆಗ ತೆರುವಿನಲ್ಲಿ ಪವರ್‌ಲೂಮ್ ಸದ್ದು ಶುರುವಾಗಿತ್ತು. ಅಪ್ಪನಿಗೆ ನೂಲು ಕೊಡುತ್ತಿದ್ದವರು ಈ ವಾರ ಇಲ್ಲ, ಮುಂದಿನ ವಾರ ಬಾ ಎನ್ನತೊಡಗಿದ್ದರು. ಹಾಗಿರುವಾಗ ವಾರವಾರವೂ ತಪ್ಪದೆ ಬರುವ ಕೆಲಸವನ್ನು ಕೈಬಿಡುವವರುಂಟೇ? ಅಮ್ಮ ಮಾತ್ರ ಕೂತು ಕೊತ್ತಂಬರಿ ಆರಿಸುತ್ತಿದ್ದಳು.

ಆ ಭಾನುವಾರ ತಿರುಪ್ಪೂರಿನಿಂದ ಮಾಮ ಬಂದರು. ಅಮ್ಮನ ತಮ್ಮ, ಬನಿಯನ್ ಕಂಪನಿಯಲ್ಲಿ ಬಟ್ಟೆ ಪರೀಕ್ಷಿಸುವ ಕೆಲಸ. ಅಮೆರಿಕದಿಂದ ಬನಿಯನ್ ಕೊಳ್ಳಲು ಒಬ್ಬ ಹೆಂಗಸು ಬಂದಿದ್ದಳಂತೆ. ಇಲ್ಲಿಯ ಊಟ ಹೇಗೋ ಏನೋ ಎಂದು ಹೆದರಿ, ತನ್ನ ಊರಿನಿಂದಲೇ ಕರಿಮೆಣಸಿನ ಪುಡಿಯ ಡಬ್ಬಿ ತಂದಿದ್ದಳಂತೆ. ಹೊರಡುವಾಗ ಅದನ್ನು ರೂಮಿನಲ್ಲೇ ಬಿಟ್ಟು ಹೋಗಿದ್ದಳು. ಮಾಮ ಅದನ್ನು ತಂದು, ಅಕ್ಕನ ಮುಂದೆ ದೇವರ ಪ್ರಸಾದದ ಹಾಗೆ ಇಟ್ಟರು.

ಕೆಂಪು ತಗಡಿನ ಡಬ್ಬಿ. ಅಮ್ಮ ಮುಚ್ಚಳ ತೆಗೆದು ಮೂಸಿ, ಒಂದು ಚಿಟಿಕೆಯನ್ನು ಅಂಗೈಗೆ ಹಾಕಿಕೊಂಡು ಉಜ್ಜಿ ಮತ್ತೆ ಮೂಸಿ, ಅರೆಯುವಾಗ ಕಾವು ತಾಗಿದೆ ಎಂದಳು. ಡಬ್ಬಿಯ ಮೂಲೆಯಲ್ಲಿ ಮೆಣಸು ಇಂಡಿಯಾದ್ದು ಎಂದು ಬರೆದಿದ್ದುದನ್ನು ನಾನು ಓದಿ ಹೇಳಿದಾಗ ಮನೆಮಂದಿಯೆಲ್ಲ ನಕ್ಕೆವು. ಇಲ್ಲಿಂದ ಹೋಗಿ, ಡಬ್ಬಿ ತೊಟ್ಟುಕೊಂಡು, ತಿರುಗಿ ತೌರಿಗೆ ಬಂದಿತ್ತು.

ಬೆನ್ನಿನ ಮೇಲೆ ಸಣ್ಣ ಅಕ್ಷರದಲ್ಲಿ ಏನೋ ಉದ್ದಕ್ಕೆ ಇತ್ತು. ಅದೇನು ಓದು ಎಂದಳು ಅಮ್ಮ. ನಾನಾಗ ಕೊಯಮತ್ತೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದುತ್ತಿದ್ದವಳು. ತೆರುವಿಗೆಲ್ಲ ನಾನೇ ಇಂಗ್ಲಿಷು. ಗಂಟಲು ಸರಿಪಡಿಸಿಕೊಂಡು ಶುರು ಮಾಡಿದೆ. ಮೊದಲ ಸಾಲಿನಲ್ಲೇ ಎಡವಿದೆ. ಮನೆಯ ನೆಲಮಾಳಿಗೆಗೆ ಇಂಗ್ಲಿಷಿನಲ್ಲಿ ಇರುವ ಪದವೂ ಮಾರುವವನಿಗೆ ಇರುವ ಪದವೂ ಕಿವಿಗೆ ಒಂದೇ, ಸೆಲ್ಲರ್. ಹೀಗಾಗಿ, ಈ ಕಂಪನಿ ಒಬ್ಬ ಮಾರುವವನ ಒಳಗೆ ಶುರುವಾಯಿತು ಎಂದು ಹೇಳಿಬಿಟ್ಟೆ. ಯಾರ ಒಳಗೆ ಎಂದು ಅಮ್ಮ ಕೇಳಿದಳು. ಡಿಕ್ಷನರಿ ತರಬೇಕಾಯಿತು. ನೆಲದ ಕೆಳಗಿನ ಕೋಣೆ ಎಂದು ತಿದ್ದಿದಾಗ ಅಜ್ಜಿ ತಾನು ಕೂತ ಮೂಲೆಯಿಂದಲೇ, ನೆಲದಡಿ ಯಾಕೆ ಕೂತ, ಯಾರಿಗೆ ಹೆದರಿ, ಎಂದು ವಿಚಾರಿಸಿದಳು. ಅದಕ್ಕೆ ಡಿಕ್ಷನರಿಯಲ್ಲಿ ಉತ್ತರವಿರಲಿಲ್ಲ.

ಅಂತೂ ಕಥೆ ಹೊರಬಿತ್ತು. ಒಬ್ಬ ಯುವಕ ತನ್ನ ಅಕ್ಕನ ಮನೆಯ ನೆಲಮಾಳಿಗೆಯಲ್ಲಿ ಕೈಯಿಂದ ತಿರುಗಿಸುವ ಯಂತ್ರ ಇಟ್ಟುಕೊಂಡು ಮೆಣಸು, ಸಾಸಿವೆ ಅರೆಯುತ್ತಿದ್ದ. ಕೈಗಾಡಿಯಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ ಮಾರುತ್ತಿದ್ದ. ಒಂದು ವರ್ಷ ಹೊಳೆ ಉಕ್ಕಿ, ಯಂತ್ರ, ಸರಕು, ಗಾಡಿ ಎಲ್ಲ ಕೊಚ್ಚಿಹೋಯಿತು. ನೀರು ಇಳಿದ ಮೇಲೆ ಹೆಂಗಸರು ಬಂದು, ನಿನ್ನ ಮೆಣಸಿನ ಪುಡಿ ಯಾವಾಗ ಸಿಗುತ್ತದೆ ಎಂದು ಕೇಳಿದರು. ಅವನು ಮತ್ತೆ ಶುರು ಮಾಡಿದ. ಆಗಿನಿಂದ ಪ್ರತಿ ಡಬ್ಬಿಯ ಮೇಲೂ ತನ್ನ ಹೆಸರು ಹಾಕಿ, ಕೆಳಗೆ ಸಹಿಯನ್ನೂ ಹಾಕಿದ, ತಪ್ಪು ಕಂಡವರು ಯಾರನ್ನು ಕೇಳಬೇಕೆಂದು ಅವರಿಗೆ ತಿಳಿದಿರಲಿ ಎಂದು. ಇಷ್ಟು ಹೇಳಿ ನಾನು ಡಬ್ಬಿಯ ಮೇಲಿನ ಸುರುಳಿ ಸುರುಳಿ ಸಹಿ ತೋರಿಸಿದೆ.

ಅಮ್ಮ ಬಹಳ ಹೊತ್ತು ಅದನ್ನು ನೋಡಿದಳು. ಬೆರಳಿನಿಂದ ಸಹಿಯ ಮೇಲೆ ಸವರಿದಳು. ಆಮೇಲೆ ಅಪ್ಪನ ಕಡೆ ತಿರುಗಿ ಹೇಳಿದಳು:

"ಪುಡಿ ಕೊಡ್ತೀನಿ. ಆದರೆ ಅದರ ಮೇಲೆ ನನ್ನ ಪೇರು ಇರ್ಬೇಕು."

ಮೊದಲು ಮಾತಾಡಿದ್ದು ಅಜ್ಜಿ. ಅವಳು ಎಂದಿನಂತೆ ಅಮ್ಮನಿಗೆ ಹೇಳದೆ ನನಗೆ ಹೇಳಿದಳು.

"ಮನೆ ಸೊಸೆ ಪೇರು ಕವರ್ ಮೇಲೆ ಬರೆದು ಮಾರೋದಾ, ಅಮ್ಮಣಿ? ತಿಂದೋರು ಕವರ್ ತೆರುವಿಗೆ ಎಸೀತಾರೆ. ಬರೋರು ಹೋಗೋರು ತುಳೀತಾರೆ. ನಮ್ಮ ಮನೆ ಪೇರು ಕಾಲಡಿ ಹೋಗ್ಬೇಕಾ?"

ಇದು ಸುಮ್ಮನೆ ತಳ್ಳಿಹಾಕುವ ಮಾತಾಗಿರಲಿಲ್ಲ. ಅಮ್ಮನ ಮುಖದಲ್ಲಿ ಅದು ನಾಟಿದ್ದು ಕಂಡಿತು. ನಾವೆಲ್ಲ ಅಪ್ಪನನ್ನು ನೋಡಿದೆವು. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಅವರು ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಲಾಳಿಯನ್ನು ಕೆಳಗಿಟ್ಟು ಅಜ್ಜಿಗೆ ಮೆಲ್ಲಗೆ ಹೇಳಿದರು:

"ಮೂವತ್ತು ವರ್ಷ ನೆಯ್ದಿದೀನಿ. ಎಷ್ಟು ಸೀರೆ ಹೋಗಿದೆ. ಉಟ್ಟವರಿಗೆ ಒಬ್ಬರಿಗಾದರೂ ನನ್ನ ಪೇರು ಗೊತ್ತಾ? ಇವಳದಾದರೂ ಗೊತ್ತಾಗಲಿ, ಅಮ್ಮ."

ಮತ್ತೆ ಲಾಳಿ ಎತ್ತಿಕೊಂಡರು. ಅಜ್ಜಿ ಎದ್ದು ಹಿತ್ತಿಲಿಗೆ ಹೋದಳು.

ಎರಡು ದಿನ ಬಿಟ್ಟು ನಾನೂ ಅಮ್ಮನೂ ಟೌನ್ ಬಸ್ಸು ಹತ್ತಿ ಆರ್.ಎಸ್. ಪುರಂಗೆ ಹೋದೆವು. ದಾರಿಯುದ್ದಕ್ಕೂ ನಾನು ಅಮ್ಮನಿಗೆ ಹೇಗೆ ಮಾತಾಡಬೇಕೆಂದು ಪಾಠ ಹೇಳಿಕೊಡುತ್ತಿದ್ದೆ. ಅಂಗಡಿಯ ಮುಂದೆ ನಿಂತಾಗ ನನ್ನ ನಾಲಿಗೆಯೇ ಅಂಟಿಕೊಂಡಿತು. ಅಮ್ಮ ತಾನೇ ಮುಂದೆ ಹೋಗಿ ಹೇಳಬೇಕಾದ್ದನ್ನು ಹೇಳಿದಳು. ಮುದಲಾಳಿ ನಕ್ಕರು. ಗೇಲಿಯ ನಗುವಲ್ಲ, ಅಚ್ಚರಿಯ ನಗು. ತಮಿಳಿನಲ್ಲಿ ಕೇಳಿದರು, ಈ ಕೊಯಮತ್ತೂರಿನಲ್ಲಿ ನಿಮ್ಮ ಹೆಸರು ಯಾರಿಗಮ್ಮ ಗೊತ್ತು?

"ಹಾಕಿದರೆ ತಾನೆ ಗೊತ್ತಾಗೋದು?" ಎಂದಳು ಅಮ್ಮ, ಅವರದೇ ಭಾಷೆಯಲ್ಲಿ.

ಅವರು ಸ್ವಲ್ಪ ಯೋಚಿಸಿದರು. ಮೂಟೆಯ ಮಾತು ಬಿಟ್ಟುಬಿಡಿ, ಇಪ್ಪತ್ತು ಕವರು ನಿಮ್ಮ ಹೆಸರಿನಲ್ಲೇ ತನ್ನಿ, ಒಂದು ಮೂಲೆಯಲ್ಲಿ ಇಟ್ಟು ನೋಡುತ್ತೇನೆ, ಹೋಗದಿದ್ದರೆ ವಾಪಸು ಒಯ್ಯಬೇಕು ಎಂದರು. ಗಟ್ಟಿಯಾದ ವಾರದ ಮೂಟೆ ಕೈಬಿಟ್ಟು ಹೋಗಿ, ಮೂಲೆಯ ಇಪ್ಪತ್ತು ಕವರು ಕೈಗೆ ಬಂತು. ಬಸ್ಸಿನಲ್ಲಿ ನನಗೆ ಅಳು ಬರುವ ಹಾಗಿತ್ತು. ಅಮ್ಮ ಕಿಟಕಿಯ ಹೊರಗೆ ನೋಡುತ್ತಾ, ಲೇಬಲ್ ಯಾವ ಬಣ್ಣದ್ದಿರಲಿ ಎಂದು ಕೇಳಿದಳು.

ಹಳದಿ ಲೇಬಲ್ಲು. ಮೇಲೆ ತಮಿಳಿನಲ್ಲಿ ಅಮ್ಮನ ಹೆಸರು ದೊಡ್ಡದಾಗಿ. ಅದರ ಕೆಳಗೆ 'ಸಾರಿನ ಪುಡಿ' ಎಂದು ಕನ್ನಡದಲ್ಲಿ ಇರಬೇಕೆಂದು ಅಮ್ಮ ಹಟ ಹಿಡಿದಳು. ಮನೆಯಲ್ಲಿ ಅದನ್ನು ನಾವು ಹಾಗೆ ತಾನೆ ಕರೆಯುವುದು ಎಂಬುದು ಅವಳ ವಾದ. ಪ್ರೆಸ್ಸಿನಲ್ಲಿ ಕನ್ನಡದ ಅಚ್ಚುಮೊಳೆ ಇರಲಿಲ್ಲ. ಸುಮಿತ್ರಾ ಅವರು ಒಂದು ಹಾಳೆಯ ಮೇಲೆ ಚೆಂದವಾಗಿ ಬರೆದುಕೊಟ್ಟು ರಜಕ್ಕೆ ಊರಿಗೆ ಹೋದರು. ಅದನ್ನು ನೋಡಿಕೊಂಡು ಬ್ಲಾಕ್ ಮಾಡುವವನು ಕೆತ್ತಿದ. ಐನೂರು ಲೇಬಲ್ ಅಚ್ಚಾಗಿ ಬಂದವು. ಅಕ್ಷರ ಬಾರದ ನಾವೆಲ್ಲ ಅದನ್ನು ಕಣ್ಣಿಗೊತ್ತಿಕೊಂಡೆವು.

ಊರಿನಿಂದ ಬಂದ ಸುಮಿತ್ರಾ ಅವರು ಲೇಬಲ್ ನೋಡಿ ಬಾಯಿಗೆ ಸೆರಗು ಒತ್ತಿಕೊಂಡರು. ಬ್ಲಾಕ್ ಮಾಡಿದವನು 'ಪು' ಅಕ್ಷರದ ಕೊಂಬನ್ನು ಬಿಟ್ಟುಬಿಟ್ಟಿದ್ದ. 'ಸಾರಿನ ಪಡಿ' ಎಂದಾಗಿತ್ತು. ತಮಿಳಿನಲ್ಲಿ ಪಡಿ ಎಂದರೆ ಓದು ಎಂದು. ಅಮ್ಮ ಇದನ್ನು ಕೇಳಿ ನನ್ನ ಕಡೆ ನೋಡಿದಳು. "ಸರಿಯಾಗೇ ಇದೆ. ಓದಬೇಕಾದೋಳು ನೀನು. ಕೂತು ಕಲಿ."

ಹೀಗೆ ನನ್ನ ಕನ್ನಡ ಅಕ್ಷರಾಭ್ಯಾಸ ಕೊಂಬಿನಿಂದ ಶುರುವಾಯಿತು. ಎಲ್ಲರೂ ಅ, ಆ ಎಂದು ಶುರು ಮಾಡಿದರೆ ನಾನು ಇಂಕ್ ಪೆನ್ನಿನಲ್ಲಿ ಐನೂರು ಲೇಬಲ್ಲಿಗೆ ಐನೂರು ಕೊಂಬು ಬರೆದೆ. ಮೊದಮೊದಲಿನವು ಆನೆಯ ಸೊಂಡಿಲಿನ ಹಾಗೆ, ಕೊನೆಕೊನೆಗೆ ಪರವಾಗಿಲ್ಲ ಎನ್ನುವ ಹಾಗೆ. ಉಳಿದ ಅಕ್ಷರಗಳನ್ನು ಸುಮಿತ್ರಾ ಅವರು ಸಂಜೆ ಹೊತ್ತು ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು ಕಲಿಸಿದರು. ಇಂಗ್ಲಿಷ್ ಸಾಹಿತ್ಯದಲ್ಲಿ ನನಗೆ ಬಂದ ಅಂಕಗಳನ್ನು ಕೇಳಬೇಡಿ. ಕೊಂಬು ಮಾತ್ರ ಇವತ್ತಿಗೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರೆಯುತ್ತೇನೆ.

ಇನ್ನು ಬೆನ್ನು. ಅಮೆರಿಕದವನು ಬರೆಸಿದ್ದಾನೆ, ನಾವೂ ಬರೆಸಬೇಕು ಎಂದಳು ಅಮ್ಮ. ಏನು ಬರೆಸುವುದು? ನಮ್ಮಲ್ಲಿ ನೆಲಮಾಳಿಗೆ ಇರಲಿಲ್ಲ, ಉಕ್ಕುವ ಹೊಳೆ ಇರಲಿಲ್ಲ. ನೊಯ್ಯಲ್ ನದಿಯಲ್ಲಿ ಪಾದ ಮುಳುಗುವಷ್ಟು ನೀರಿದ್ದರೆ ಹೆಚ್ಚು. ನಾನು ಕಾಲೇಜಿನ ವಿದ್ಯೆಯನ್ನೆಲ್ಲ ಸುರಿದು ಒಂದು ಪುಟ ಬರೆದೆ. ಅಮ್ಮ ಕೇಳಿಸಿಕೊಂಡು, ಇದರಲ್ಲಿ ಪುಡಿ ಎಲ್ಲಿದೆ ಎಂದಳು. ಕೊನೆಗೆ ಅವಳು ಹೇಳಿದ್ದನ್ನೇ ತಮಿಳಿನಲ್ಲಿ ಬರೆದದ್ದಾಯಿತು: 'ಸೂಲೂರಿನ ನೇಯುವವರ ಮನೆಯಲ್ಲಿ, ಅತ್ತೆ ಕಲಿಸಿದ ಹಾಗೆ, ರಂಗನಾಯಕಿ ಹುರಿದು ಮಾಡಿದ್ದು. ಸರಿ ಇಲ್ಲದಿದ್ದರೆ ಬಂದು ಹೇಳಿ.'

ಇದನ್ನು ನಾನು ಗಟ್ಟಿಯಾಗಿ ಓದಿದಾಗ ಅಜ್ಜಿ ಬಾಗಿಲ ಹಿಂದೆ ಕೂತಿದ್ದಳು. ಕವರಿನ ವಿಷಯ ಎತ್ತಿದಾಗಿನಿಂದ ಅವಳು ಆ ಮಾತೇ ಕಿವಿಗೆ ಬೀಳದ ಹಾಗೆ ಇದ್ದವಳು. ಈಗ ಒಳಗಿನಿಂದ ಕೇಳಿದಳು: "ಅತ್ತೆ ಅಂದ್ರೆ ಯಾರು ಅಂತ ಓದೋರಿಗೆ ಹೇಗೆ ಗೊತ್ತಾಗುತ್ತೆ?"

ಅಮ್ಮ ತಲೆ ಎತ್ತಿದಳು. "ಪೇರು ಹಾಕ್ಲಾ, ಅತ್ತೆ?"

ಅಜ್ಜಿ ಬೇಡ ಎನ್ನಲಿಲ್ಲ. ಬೆನ್ನಿನ ಚೀಟಿ ಇನ್ನೂ ಅಚ್ಚಿಗೆ ಹೋಗದೆ ಇದ್ದದ್ದರಿಂದ, ಅದರಲ್ಲಿ 'ಅತ್ತೆ ಚೌಡಮ್ಮ' ಎಂದು ಸೇರಿತು. ಅಚ್ಚಾಗಿ ಬಂದ ದಿನ ಅಜ್ಜಿ ಒಂದು ಚೀಟಿಯನ್ನು ತೆಗೆದುಕೊಂಡು ಎಲೆಯಡಿಕೆಯ ಚೀಲದೊಳಗೆ ಮಡಚಿ ಇಟ್ಟುಕೊಂಡಳು. ಓದಲು ಬಾರದವಳು ದಿನಕ್ಕೆ ಎಷ್ಟು ಸಲ ಅದನ್ನು ತೆಗೆದು ನೋಡುತ್ತಿದ್ದಳೆಂದು ಹೇಳಿದರೆ ಅವಳಿಗೆ ಕೋಪ ಬರುತ್ತಿತ್ತು.

ಕವರಿನ ಬಾಯಿ ಮುಚ್ಚುವುದಕ್ಕೆ ಯಂತ್ರವಿರಲಿಲ್ಲ. ಪ್ಲಾಸ್ಟಿಕ್ಕಿನ ಅಂಚನ್ನು ಗರಗಸದ ಎರಡು ಬ್ಲೇಡಿನ ನಡುವೆ ಹಿಡಿದು ಮೇಣದ ಬತ್ತಿಯ ಉರಿಯ ಪಕ್ಕದಲ್ಲಿ ಎಳೆಯಬೇಕು. ಅಪ್ಪ ನೂಲು ಹಿಡಿದು ಪಳಗಿದ ಕೈಯವರು, ಒಂದು ಕವರೂ ಸುಡದ ಹಾಗೆ ಮುಚ್ಚುತ್ತಿದ್ದರು. ನಾನು ಮುಚ್ಚಿದವುಗಳನ್ನು ಅಮ್ಮ ಮನೆಯ ಬಳಕೆಗೆ ತೆಗೆದಿಡುತ್ತಿದ್ದಳು. ಆ ತಿಂಗಳೆಲ್ಲ ನಾವು ಸಾರನ್ನೇ ಉಂಡೆವು.

ಆ ಪುಡಿ ಇವತ್ತಿಗೂ ಇದೆ ಎಂದು ಹೇಳಿಕೊಳ್ಳುವುದರಲ್ಲಿ ನನಗೆ ಸಂಕೋಚವಿಲ್ಲ. ನನ್ನ ತಮ್ಮನ ಹೆಂಡತಿ ಸೂಲೂರಿನಲ್ಲೇ ನಡೆಸುತ್ತಾಳೆ. ಪೊಳ್ಳಾಚಿಯವರೆಗೂ ಹೋಗುತ್ತದೆ. ಈಗಲೂ ಬೆಳಿಗ್ಗೆಯೇ ಅರೆಯುತ್ತಾರೆ, ಮೊದಲು ಒಂದು ಹಿಡಿ ಅಕ್ಕಿ ಹಾಕುತ್ತಾರೆ. ಅಮೆರಿಕದ ಕಂಪನಿಯಷ್ಟು ದೊಡ್ಡದಾಗಲಿಲ್ಲ, ಆಗಬೇಕೆಂದು ಯಾರೂ ಅಂದುಕೊಂಡಿರಲೂ ಇಲ್ಲ. ಆದರೆ ಅದೆಲ್ಲ ಆಮೇಲಿನ ಮಾತು. ನನಗೆ ಹೇಳಬೇಕಾದ್ದು ಆ ಮೊದಲ ಇಪ್ಪತ್ತು ಕವರಿನದು.

ಅವನ್ನು ಕೊಟ್ಟು ಹತ್ತು ದಿನವಾಗಿತ್ತು. ಮುದಲಾಳಿಯಿಂದ ಸುದ್ದಿಯೇ ಇಲ್ಲ. ಅಮ್ಮ ಒಂದು ಖಾಲಿ ಚೀಲ ಮಡಚಿಕೊಂಡು, ಉಳಿದದ್ದನ್ನು ತಂದುಬಿಡೋಣ ಬಾ ಎಂದು ಹೊರಟಳು. ಅಂಗಡಿಗೆ ಹೋಗಿ ನೋಡಿದರೆ ಆ ಮೂಲೆಯಲ್ಲಿ ಸೋಪು ಜೋಡಿಸಿದ್ದರು. ನಮ್ಮ ಕವರು ಒಂದೂ ಕಾಣಲಿಲ್ಲ. ಹಿಂದಕ್ಕೆ ಎಲ್ಲೋ ಎಸೆದಿದ್ದಾರೆ ಎಂದುಕೊಂಡೆ ನಾನು. ಅಮ್ಮನೂ ಹಾಗೇ ಅಂದುಕೊಂಡಿರಬೇಕು, ಚೀಲವನ್ನು ಇನ್ನೂ ಸಣ್ಣಗೆ ಮಡಚಿದಳು. ಮುದಲಾಳಿ ಯಾರಿಗೋ ಸಕ್ಕರೆ ತೂಗಿಸುತ್ತಿದ್ದರು.

ಅಷ್ಟರಲ್ಲಿ ಪಕ್ಕದಲ್ಲಿ ಒಬ್ಬರು ಹೆಂಗಸು ಬಂದು ನಿಂತರು. ಆರ್.ಎಸ್. ಪುರಂನ ದೊಡ್ಡ ಮನೆಯವರು, ನೋಡಿದರೇ ತಿಳಿಯುತ್ತಿತ್ತು. "ರಂಗನಾಯಕಿ ಬಂತಾ?" ಎಂದು ಕೇಳಿದರು.

ನಾನು ಬೆಚ್ಚಿದೆ. ಅಮ್ಮ, ತನ್ನನ್ನೇ ಕರೆದರೆಂದುಕೊಂಡು, ತಿರುಗಿದಳು.

ಮುದಲಾಳಿ ತಲೆ ಎತ್ತಿ ನಮ್ಮನ್ನು ಆಗ ನೋಡಿದರು. ಮೂರು ದಿನದಲ್ಲಿ ಖಾಲಿ, ನೀವು ಬರುತ್ತೀರಿ ಬರುತ್ತೀರಿ ಎಂದು ಜನಕ್ಕೆ ಹೇಳಿ ಹೇಳಿ ಸಾಕಾಯಿತು, ಹೇಳಿಕಳಿಸೋಣವೆಂದರೆ ಸುಮಿತ್ರಾ ಅವರೂ ಈ ಕಡೆ ಬರಲಿಲ್ಲ ಎಂದು ನಮ್ಮ ಮೇಲೆಯೇ ಗೊಣಗಿದರು. ಆಮೇಲೆ ಆ ಹೆಂಗಸಿನ ಕಡೆ ತಿರುಗಿ, ಇವರೇ ಎಂದು ಅಮ್ಮನನ್ನು ತೋರಿಸಿದರು.

ಆಕೆ ಅಮ್ಮನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ನೂಲಿನ ಸೀರೆ, ಕೈಯಲ್ಲಿ ಮಡಚಿದ ಚೀಲ, ಉಗುರಿನಲ್ಲಿ ಹೋಗದ ಅರಿಸಿನ. ಆಕೆಯ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು.

"ಹೌದಾ? ನಾನು ಶ್ರೀರಂಗದ ದೇವಿ, ತಾಯಾರ್ ಪೇರು ಅಂದುಕೊಂಡಿದ್ದೆ," ಎಂದರು. "ಎಲ್ಲಾ ಕಂಪನಿಯೋರೂ ಸಾಮಿ ಪೇರೇ ಇಡ್ತಾರಲ್ಲ."

ಅಮ್ಮ ಸೆರಗು ಸರಿಮಾಡಿಕೊಂಡಳು. ಕೈ ಮುಗಿಯಲಿಲ್ಲ, ತಲೆ ತಗ್ಗಿಸಲಿಲ್ಲ. ಆ ಅಂಗಡಿಯಲ್ಲಿ ಎಲ್ಲರಿಗೂ ಕೇಳುವಷ್ಟು ಸ್ಪಷ್ಟವಾಗಿ ಹೇಳಿದಳು:

"ಸಾಮಿದಲ್ಲಮ್ಮ. ನಂದು."